‘ಕಗ್ಗಂಟು’ ಮತ್ತು ‘ಯಕ್ಷಪ್ರಶ್ನೆ’: ಎರಡಕ್ಕೂ ಒಂದೇ ಅರ್ಥವೇ?

ಪ್ರಶ್ನೆ:
ಬಗೆಹರಿಯದ ಸಮಸ್ಯೆಯನ್ನು ಪತ್ರಿಕೆಗಳು ಒಂದು ದಿನ ‘ಕಗ್ಗಂಟು’ ಎಂದು ಕರೆದು, ಮರುದಿನ ಅದನ್ನೇ ‘ಯಕ್ಷಪ್ರಶ್ನೆ’ ಎನ್ನುವುದುಂಟು. ಲೇಖನವೊಂದನ್ನು ತಿದ್ದುತ್ತಿದ್ದಾಗ ‘ಈ ಕಗ್ಗಂಟಿಗೆ ಇನ್ನೂ ಉತ್ತರ ಸಿಕ್ಕಿಲ್ಲ’ ಎಂಬ ವಾಕ್ಯ ಎದುರಾಯಿತು. ಓದುವಾಗ ಏನೋ ಎಡವಿದಂತಾಯಿತಾದರೂ ದೋಷ ಎಲ್ಲಿದೆಯೆಂದು ಹೇಳಲಾಗಲಿಲ್ಲ. ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1:
ದೋಷವಿರುವುದು ‘ಉತ್ತರ’ ಎಂಬ ಮಾತಿನಲ್ಲಿ. ಕಗ್ಗಂಟು ಎಂದರೆ ಸುಲಭವಾಗಿ ಬಿಚ್ಚಲಾಗದ ಗಂಟು. ಕಗ್ಗತ್ತಲೆ, ಕಗ್ಗೊಲೆ, ಕಗ್ಗಾಡು ಎಂಬಲ್ಲೆಲ್ಲ ತೀವ್ರತೆಯನ್ನು ಸೂಚಿಸುವ ‘ಕಗ್’ ಇಲ್ಲಿಯೂ ಇದೆ. ಗಂಟಿಗೆ ಉತ್ತರವಿರುವುದಿಲ್ಲ, ಅದನ್ನು ಬಿಡಿಸಬೇಕು. ‘ಕಗ್ಗಂಟಾಗಿಯೇ ಉಳಿದಿದೆ’, ‘ಮತ್ತಷ್ಟು ಕಗ್ಗಂಟಾಯಿತು’ ಎಂಬ ಪ್ರಯೋಗಗಳು ಸಹಜವಾಗಿವೆ. ಹಲವರ ಹಿತಗಳು ಒಂದರೊಳಗೊಂದು ಸಿಕ್ಕಿಕೊಂಡು, ಒಂದು ಎಳೆಯನ್ನು ಸಡಿಲಿಸಹೋದರೆ ಮತ್ತೊಂದು ಬಿಗಿಯುವಂತಹ ಸಂದರ್ಭಕ್ಕೆ, ಉದಾಹರಣೆಗೆ ಆಸ್ತಿಯ ಪಾಲಿಗೋ ಚುನಾವಣೆಯ ಸೀಟು ಹಂಚಿಕೆಗೋ, ಈ ಪದ ಚೆನ್ನಾಗಿ ಒಪ್ಪುತ್ತದೆ. ಬರಿಯ ಕಠಿಣ ಲೆಕ್ಕವನ್ನು ನಾನಂತೂ ಕಗ್ಗಂಟು ಎನ್ನಲಾರೆ.

ಉತ್ತರ 2:
ಯಕ್ಷಪ್ರಶ್ನೆಯ ಕಥೆಯೇ ಬೇರೆ. ಮಹಾಭಾರತದ ಅರಣ್ಯಪರ್ವದಲ್ಲಿ, ನೀರಿಗೆಂದು ಹೋದ ನಾಲ್ವರು ತಮ್ಮಂದಿರು ಕೊಳದ ದಡದಲ್ಲಿ ಸತ್ತು ಬಿದ್ದಿರುವಾಗ, ಯಕ್ಷ ಕೇಳಿದ ಪ್ರಶ್ನೆಗಳಿಗೆಲ್ಲ ಧರ್ಮರಾಯನು ಉತ್ತರ ಕೊಡುತ್ತಾನೆ. ಗಾಳಿಗಿಂತ ವೇಗವಾದುದು ಮನಸ್ಸು, ಹುಲ್ಲಿಗಿಂತ ಹೆಚ್ಚಿನ ಸಂಖ್ಯೆಯದು ಚಿಂತೆ ಎಂಬ ಉತ್ತರಗಳು ಪ್ರಸಿದ್ಧವಾಗಿವೆ. ಅಲ್ಲಿ ಒಂದು ಪ್ರಶ್ನೆಯೂ ಉತ್ತರವಿಲ್ಲದೆ ಉಳಿಯಲಿಲ್ಲ. ಆದರೂ ಯಾರಿಂದಲೂ ಉತ್ತರಿಸಲಾಗದ ಪ್ರಶ್ನೆಗೆ ನಾವು ಆ ಹೆಸರನ್ನೇ ಕೊಟ್ಟಿದ್ದೇವೆ! ಮೂಲಕ್ಕೆ ವಿರುದ್ಧವೆಂದು ಇದನ್ನು ಆಕ್ಷೇಪಿಸಬಹುದು, ಆದರೆ ರೂಢಿ ಇಷ್ಟು ಬಲವಾದ ಮೇಲೆ ತಪ್ಪೆನ್ನುವುದು ಹಟವಾಗುತ್ತದೆ. ಒಂದನ್ನು ಮಾತ್ರ ಗಮನಿಸಬೇಕು: ಯಕ್ಷಪ್ರಶ್ನೆಯ ಜೊತೆಯಲ್ಲಿ ನಿಜವಾಗಿಯೂ ಒಂದು ಪ್ರಶ್ನೆ ಇರಬೇಕು. ‘ಕಡತ ಎಲ್ಲಿ ಹೋಯಿತು ಎಂಬುದು ಯಕ್ಷಪ್ರಶ್ನೆಯಾಗಿದೆ’ ಎಂಬುದು ಸರಿ. ‘ಇಬ್ಬರ ನಡುವಿನ ಯಕ್ಷಪ್ರಶ್ನೆ’ ಎಂಬುದು ಅಷ್ಟು ಸರಿಯೆನಿಸದು.

ಉತ್ತರ 3:
ಮೊದಲ ಉತ್ತರಕ್ಕೊಂದು ಸಣ್ಣ ತಿದ್ದುಪಡಿ. ನಾವು ಗಂಟನ್ನು ಮಾತ್ರವಲ್ಲ, ಒಗಟನ್ನೂ ಲೆಕ್ಕವನ್ನೂ ‘ಬಿಡಿಸುತ್ತೇವೆ’. ಆದ್ದರಿಂದ ಕ್ರಿಯಾಪದವೊಂದನ್ನೇ ನೋಡಿ ನಿರ್ಧರಿಸಲಾಗದು. ಒಗಟು ಒಡ್ಡಿದವರಿಗೆ ಅದರ ಉತ್ತರ ಗೊತ್ತಿರುತ್ತದೆ, ಕಗ್ಗಂಟನ್ನಾದರೋ ಹಾಕಿದವರೇ ಬಿಡಿಸಲಾರದೆ ಕುಳಿತಿರುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಲೇಖನದಲ್ಲಿದ್ದುದು ಇಬ್ಬರು ಪಾಲುದಾರರ ಹಣದ ತಕರಾರು. ‘ಈ ಕಗ್ಗಂಟನ್ನು ಇನ್ನೂ ಬಿಡಿಸಲಾಗಿಲ್ಲ’ ಎಂದು ತಿದ್ದಿದ್ದೇನೆ.