ಅಪ್‌ಡೇಟ್: ರಾಯಲ್ ಅಕಾಡೆಮಿಯ ಬಿಲ್ಲೆ ದಂತದ್ದೇ

ಲಂಡನ್ನಿನ ರಾಯಲ್ ಅಕಾಡೆಮಿ ಚಿತ್ರಕಲಾ ಶಾಲೆಯ ಹಳೇ ಪ್ರವೇಶ ಬಿಲ್ಲೆ ದಂತದ್ದೋ ಮೂಳೆಯದ್ದೋ, ಕೊರೆದ ಅಕ್ಷರದೊಳಗಿನ ಕಪ್ಪನ್ನು ತೊಳೆಯಬಹುದೋ ಎಂದು ಕೇಳಿದ್ದೆ. ದಂತವೇ.

10 ಪಟ್ಟು ಹಿಗ್ಗಿಸುವ ಲೂಪ್ ಹಿಡಿದು, ಬೆಳಕನ್ನು ಓರೆಯಾಗಿ ಬಿಟ್ಟಾಗ ಬಲೆಯಂತೆ ಒಂದನ್ನೊಂದು ಹಾಯುವ, ಆನೆದಂತದ ಗುರುತಾದ ಶ್ರೇಗರ್ ಗೆರೆಗಳು ಕಂಡವು. ದಂತವನ್ನು ಅಡ್ಡಕ್ಕೆ ಕೊಯ್ದಿದ್ದರೆ ಮಾತ್ರ ಇವು ಸ್ಪಷ್ಟ. ಉದ್ದಕ್ಕೆ ಕೊಯ್ದರೆ ಅಲೆಯಂಥ ಗೆರೆಯಷ್ಟೇ. ಮೂಳೆಯಲ್ಲಾದರೆ ರಕ್ತನಾಳದ ಸಣ್ಣ ಕಪ್ಪು ಚುಕ್ಕಿ, ಗೀರು ಇರುತ್ತವೆ. ಒಂದೇ ಅಗಲದ ಸಮಾನಾಂತರ ಪಟ್ಟೆ ಇದ್ದರೆ ದಂತದಂತೆ ಕಾಣುವ ಹಳೇ ಪ್ಲಾಸ್ಟಿಕ್ ಸೆಲ್ಯುಲಾಯ್ಡ್ ಎಂದೇ ಅನುಮಾನಿಸಿ. ಕಾದ ಸೂಜಿ ಚುಚ್ಚಿ ನೋಡುವುದು ಬೇಡವೇ ಬೇಡ: ಕಲೆ ಉಳಿಯುತ್ತದೆ, ಸೆಲ್ಯುಲಾಯ್ಡ್ ಆದರೆ ಹೊತ್ತಿಕೊಳ್ಳುತ್ತದೆ.

ಕಪ್ಪು ಕೊಳೆಯಲ್ಲ, ಅಕ್ಷರ ಕಾಣಲೆಂದು ತುಂಬಿದ ಬಣ್ಣ. ಒಣ ಮೆತ್ತನೆ ಬ್ರಷ್ ಸಾಕು. ನೀರು ಹೀರಿದ ದಂತ ಉಬ್ಬಿ, ಒಣಗುವಾಗ ಸೀಳುತ್ತದೆ. ರಬ್ಬರ್ ಬ್ಯಾಂಡ್ ತಾಗಿಸಬೇಡಿ, ಕಲೆಯಾಗುತ್ತದೆ.

ಕಾಲ ಗುರುತಿಸಲು ಬಿಲ್ಲೆಯ ಮೇಲೆ ಕೊರೆದ ವಿದ್ಯಾರ್ಥಿಯ ಹೆಸರೂ ನೆರವಾಗುತ್ತದೆ. ಹೆಣ್ಣಿನ ಹೆಸರಿದ್ದರೆ 1860ಕ್ಕಿಂತ ಹಿಂದಿನದಲ್ಲ. ಮೊದಲ ವಿದ್ಯಾರ್ಥಿನಿ ಲಾರಾ ಹರ್ಫೋರ್ಡ್ ಆ ವರ್ಷ ಸೇರಿದ್ದೂ ಚಿತ್ರದ ಮೇಲೆ ಹೆಸರಿನ ಮೊದಲಕ್ಷರವಷ್ಟೇ ಹಾಕಿ ಕಳಿಸಿದ್ದರಿಂದ, ಗಂಡೆಂದುಕೊಂಡು ಸೇರಿಸಿಕೊಂಡರು!

ಮಾರುವ ಯೋಚನೆ ಇದ್ದವರಿಗೆ: ಬ್ರಿಟನ್ನಿನಲ್ಲಿ ದಂತದ ಮಾರಾಟ ನಿಷೇಧಿಸುವ 2018ರ ದಂತ ಕಾಯ್ದೆ 2022ರಿಂದ ಜಾರಿಯಲ್ಲಿದೆ, ವಿನಾಯಿತಿ ತೀರಾ ಕಡಿಮೆ.