ಪ್ರಳಯದ ನಂತರ ಮಜ್ಜಿಗೆ

"ಏನಾಗ್ತದೆ ಈ ಆಟದಲ್ಲಿ?" ಮಾಣಿಯ ಲ್ಯಾಪ್‌ಟಾಪ್ ನೋಡುತ್ತ ಹೆಗಡೇರು ಕೇಳಿದರು.

"ಏನೂ ಆಗೋದಿಲ್ಲ ಮಾವ. ಅದೇ ಇದರ ವಿಶೇಷ" ಎಂದ ಮಾಣಿ.

ಹಲಸಿನಕಾಯಿಗೆ ಹಾಕಿದ ಕತ್ತಿ ಅಲ್ಲೇ ನಿಂತಿತು. "ಏನೂ ಆಗದ್ದನ್ನು ನೋಡೋಕೆ ದುಡ್ಡು ಕೊಟ್ಟೆಯಾ? ಯಾವುದಾದರೂ ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿ ಕೂತಿದ್ದರೆ ಪುಕ್ಕಟೆ ಆಗ್ತಿತ್ತಲ್ಲ ಮಾರಾಯಾ. ಮೇಲಿಂದ ಚಹಾ, ಅವಲಕ್ಕಿ."

ಶಿರಸಿ ಕಡೆ ಮೇ ತಿಂಗಳೆಂದರೆ ಹಪ್ಪಳದ ತಿಂಗಳು. ಜಗುಲಿಯಲ್ಲಿ ಒಂಬತ್ತು ಹಲಸಿನಕಾಯಿ ಬಿದ್ದಿದ್ದವು. ಎಲ್ಲರ ಕೈಗೂ ತೆಂಗಿನೆಣ್ಣೆ, ಎಣ್ಣೆಯ ಮೇಲೆ ಮೇಣ. ಲ್ಯಾಪ್‌ಟಾಪ್ ಮಾತ್ರ ಅಕ್ಕಿ ಡಬ್ಬದ ಮೇಲೆ ಮಡಿಯಲ್ಲಿ ಕೂತಿತ್ತು. ಸೊಳೆ ಬಿಡಿಸುವ ಕೆಲಸ ಮಾಣಿಗೂ ತಪ್ಪಿರಲಿಲ್ಲ. ಹಾಗಾಗಿ ಅವನು ಮೊಣಕೈಯಿಂದ ಗುಂಡಿ ಒತ್ತುತ್ತಿದ್ದ. ಕರೆಂಟು ಬೆಳಗಿನಿಂದ ಇರಲಿಲ್ಲ. ಬ್ಯಾಟರಿ 18 ಪರ್ಸೆಂಟ್‌ಗೆ ಬಂದಿತ್ತು.

ಪರದೆ ತುಂಬ ಮರಳು. ನಡುವೆ ತಗಡಿನ ಗೂಡಂಗಡಿ. ಅದರ ಮುಂದೆ ಒಬ್ಬಳು ಹುಡುಗಿ ನಿಂತಿದ್ದಳು. ನಿಂತೇ ಇದ್ದಳು. ನೆನಪಾದಾಗ ಕಣ್ಣು ಮಿಟುಕಿಸುತ್ತಿದ್ದಳು. ಕೆಳಗೆ ಒಂದು ಪಟ್ಟಿ, ಪಟ್ಟಿಯಲ್ಲಿ ಎರಡು ಸಾಲು ಮಾತು. ಓದಿ ಗುಂಡಿ ಒತ್ತಿದರೆ ಇನ್ನೆರಡು ಸಾಲು.

"ಇದಕ್ಕೆ ವಿಶುವಲ್ ನಾವೆಲ್ ಅಂತಾರೆ. ಕತೆ ಓದ್ತಾ ಆಡೋ ಕಂಪ್ಯೂಟರ್ ಆಟ, ಜಪಾನಿನಲ್ಲಿ ಬೆಳೆದ ಪ್ರಕಾರ" ಮಾಣಿ ವಿವರಿಸಿದ. "ಲೋಕ ಮುಳುಗಿ ಹೋಗಿದೆ. ಉಳಿದಿದ್ದು ಮರಳು ಮಾತ್ರ. ಇವಳು ಚಹಾ ಅಂಗಡಿ ಇಟ್ಟಿದ್ದಾಳೆ. ಒಂಟೆ ಮೇಲೆ ಬರೋರು ಬರ್ತಾರೆ, ಕೂತ್ಕೊಳ್ತಾರೆ, ಮಾತಾಡ್ತಾರೆ, ಹೋಗ್ತಾರೆ. ಹೊಡೆದಾಟ ಇಲ್ಲ, ವಿಲನ್ ಇಲ್ಲ. ಮನಸ್ಸಿಗೆ ತಂಪು."

"ತಾಳಮದ್ದಳೆ" ಎಂದು ಭಟ್ರು ತೀರ್ಪು ಕೊಟ್ಟರು. "ಕುಣಿತ ಇಲ್ಲ, ಕೂತಲ್ಲೇ ಅರ್ಥ. ಇವರು ವೇಷ ಒಂದು ಜಾಸ್ತಿ ಕಟ್ಟಿದ್ದಾರೆ, ಅಷ್ಟೇ."

"ತಾಳಮದ್ದಳೆಯಲ್ಲಿ ಎದುರಿಗೆ ಕೂತವ ಕೆಣಕ್ತಾನೆ ಭಟ್ರೇ" ಎಂದರು ಹೆಗಡೇರು. "ಇಲ್ಲಿ ಎಲ್ಲರೂ ಒಳ್ಳೆಯವರು. ಪರಶುರಾಮ, ಭೀಷ್ಮ ಇಬ್ಬರೂ ಕೂತು ದಾಸವಾಳ ಗಿಡದ ವಿಚಾರ ಮಾತಾಡಿದ ಹಾಗೆ. ಈಗ ಇದೊಂದು ಹುಚ್ಚು ನೋಡಿ. ಪ್ರಳಯ ಆಗಬೇಕು, ಆದರೆ ಹಿಂದೆ ಮೆಲ್ಲಗೆ ಪಿಟೀಲು ಬಾರಿಸ್ತಾ ಇರಬೇಕು, ಕೈಯಲ್ಲಿ ಬಿಸಿ ಲೋಟ ಇರಬೇಕು. ಮೊದಲೆಲ್ಲ ಪ್ರಳಯಕ್ಕೂ ಒಂದು ಮರ್ಯಾದೆ ಇತ್ತು. ಆಲದೆಲೆ ಮೇಲೆ ಕೃಷ್ಣ ಒಬ್ಬನೇ ತೇಲ್ತಿದ್ದ. ಪಕ್ಕದಲ್ಲಿ ಚಹಾ ಅಂಗಡಿ ಇರಲಿಲ್ಲ."

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ನಾಲ್ಕು ಹಸು ಕಟ್ಟಿದ ಮನುಷ್ಯ.

"ಹಾಲು ಎಲ್ಲಿಂದ?"

"ಯಾವ ಹಾಲು ಮಾವ?"

"ಚಹಾಕ್ಕೆ. ಹುಲ್ಲಿಲ್ಲ ಅಂದ ಮೇಲೆ ಹಸು ಇಲ್ಲ. ಹಿಂಡಿ ಯಾರು ತರ್ತಾರೆ?"

ಮಾಣಿ ಇಷ್ಟು ದಿನ ಆಡಿದರೂ ಇದನ್ನು ಯೋಚಿಸಿರಲಿಲ್ಲ. "ಒಂಟೆ ಹಾಲು ಇರಬಹುದು" ಎಂದ.

"ಒಂಟೆ ಹಾಲು ಹಸುವಿನ ಹಾಲಿನ ಹಾಗೆ ಹೆಪ್ಪುಗಟ್ಟೋದಿಲ್ಲ. ಎಷ್ಟು ಕಾದರೂ ನೀರು ನೀರು. ಗಟ್ಟಿ ಮೊಸರು ಕೂರೋದಿಲ್ಲ."

ಒಳಗೆ ಒರಳಿನ ಸದ್ದು ನಿಂತಿತು. ಸುಬ್ಬಕ್ಕ ಬಾಗಿಲಿಗೆ ಬಂದಳು. "ಅಂದ್ರೆ ಮಜ್ಜಿಗೆ ಇಲ್ವಾ?"

ಜಗುಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ತಂಬುಳಿ?" ಭಟ್ರು ಕ್ಷೀಣವಾಗಿ ಕೇಳಿದರು.

"ಇಲ್ಲ."

"ಮಜ್ಜಿಗೆ ಮೆಣಸು?"

"ಭಟ್ರೇ, ಬುಡವೇ ಇಲ್ಲ, ಚಿಗುರೆಲ್ಲಿ? ಲೋಕ ಮುಳುಗಿದೆ ಅಂತ ಹುಡುಗ ಆಗಿಂದ ಹೇಳ್ತಿದ್ದಾನೆ. ನಂಗೆ ಈಗ ಅರ್ಥ ಆಯ್ತು."

"ಆ ಲೋಟ ತೊಳೆಯೋರು ಯಾರು?" ಎಂದಳು ಸುಬ್ಬಕ್ಕ. ಅವಳ ಕಣ್ಣು ಪರದೆಯ ಮೇಲೇ ಇತ್ತು.

"ಅದನ್ನು ತೋರಿಸೋದಿಲ್ಲ ಅತ್ತೆ."

"ಅದಕ್ಕೇ ಮನಸ್ಸಿಗೆ ತಂಪು" ಎಂದರು ಹೆಗಡೇರು.

"ನೀವೂ ಮೂವತ್ತು ವರ್ಷದಿಂದ ಇದೇ ಆಟ ಆಡ್ತಿದ್ದೀರಿ ಬಿಡಿ" ಎಂದು ಸುಬ್ಬಕ್ಕ ಒಳಗೆ ಹೋದಳು. ಒರಳಿನ ಸದ್ದು ಮೊದಲಿಗಿಂತ ಜೋರಾಯಿತು.

ನಾಯ್ಕರು ಅಂಕೋಲೆಯವರು. ಅವರ ಕಣ್ಣು ಬೇರೆ ಕಡೆ ಇತ್ತು. "ಅಲ್ಲ ತಮಾ, ಇಷ್ಟು ಮರಳು ಬಿಟ್ಟಿ ಬಿದ್ದಿದೆ. ಯಾರೂ ಮನೆ ಕಟ್ಟಲಿಲ್ವಾ? ಒಂದು ಲೋಡಿಗೆ ಈಗ ರೇಟು ಎಷ್ಟು ಗೊತ್ತಾ? ಇವಳು ಚಹಾ ಯಾಕೆ ಮಾರಬೇಕು?"

"ಮರುಭೂಮಿ ಮರಳು ಕಾಂಕ್ರೀಟಿಗೆ ಬರೋದಿಲ್ಲ ನಾಯ್ಕರೇ" ಎಂದ ಮಾಣಿ. "ಗಾಳಿಗೆ ಉರುಳಿ ಉರುಳಿ ಕಾಳು ನುಣ್ಣಗಾಗಿರ್ತದೆ. ಒಂದಕ್ಕೊಂದು ಕಚ್ಚಿಕೊಳ್ಳೋದಿಲ್ಲ. ದುಬೈಯವರೂ ಹೊರಗಿಂದ ತರಿಸ್ತಾರೆ."

"ನಮ್ಮ ಭಾವ ದುಬೈಯಲ್ಲೇ ಇದ್ದ. ಅಲ್ಲಿ ಮರಳು ಮಾರೋಕೆ ಬರ್ತಾರೆ ಅಂದಾಗ ಬುರುಡೆ ಅಂದ್ಕೊಂಡಿದ್ದೆ." ನಾಯ್ಕರಿಗೆ ನಿರಾಸೆಯಾಯಿತು. "ಹಾಗಾದ್ರೆ ನಮ್ಮೂರೇ ವಾಸಿ. 1930ರಲ್ಲಿ ನಮ್ಮವರು ಸಮುದ್ರದ ದಂಡೆಗೆ ಹೋಗಿ ಉಪ್ಪನ್ನಾದರೂ ಮಾಡಿದ್ರು. ಬ್ರಿಟಿಷರು ಓಡಿ ಬಂದ್ರು. ಏನೋ ಒಂದು ಆಯ್ತು."

ಭಟ್ರು ನಿವೃತ್ತ ಮೇಷ್ಟ್ರು. ಮರುಭೂಮಿ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಸುಮ್ನೆ ಇರುವುದು ಅವರಿಂದ ಆಗದ ಕೆಲಸ. "ಮರುಭೂಮಿ ಅಂದ್ರೆ ಮರಳೇ ಆಗಬೇಕು ಅಂತಿಲ್ಲ. ವರ್ಷಕ್ಕೆ 250 ಮಿಲಿಮೀಟರ್ ಒಳಗೆ ಮಳೆ ಬಿದ್ರೆ ಮರುಭೂಮಿ. ಅಂಟಾರ್ಕ್ಟಿಕವೂ ಮರುಭೂಮಿಯೇ."

"250 ಅಂದ್ರೆ ನಮ್ಮಲ್ಲಿ ಒಳ್ಳೆ ಜುಲೈ ತಿಂಗಳ ಒಂದು ವಾರದ ಬಾಬತ್ತು" ಎಂದರು ಹೆಗಡೇರು. ಕತ್ತಿಗೆ ಅಂಟಿದ ಮೇಣವನ್ನು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. "ಒಂದು ವಾರದ ಮಳೆಯಲ್ಲಿ ಅವರು ವರ್ಷ ಕಳೀತಾರೆ. ನಾವು ವರ್ಷದ್ದೆಲ್ಲ ಹೊಳೆಗೆ ಬಿಟ್ಟು ಮೇ ತಿಂಗಳಲ್ಲಿ ಆಕಾಶ ನೋಡ್ತೇವೆ."

ಈ ಮಾತು ಯಾರಿಗೂ ಬೇಡವಾಗಿತ್ತು. ಭಟ್ರು ಬೇಗ ಬೇಗ ಬೇರೆ ಕೇಳಿದರು. "ಇದನ್ನೆಲ್ಲ ಮಾಡೋರು ದೊಡ್ಡ ಕಂಪನಿಯವರಾ?"

"ಎಷ್ಟೋ ಸಲ ಒಬ್ಬರು, ಇಬ್ಬರು ಸೇರಿ ಮಾಡ್ತಾರೆ. ಅದಕ್ಕೆ ರೆನ್‌ಪೈ ಅಂತ ಒಂದು ಸಾಧನ ಇದೆ, ಪುಕ್ಕಟೆ. 2004ರಿಂದ ಇದೆ. ರೆನ್‌ಆಯ್ ಅಂದ್ರೆ ಜಪಾನಿ ಭಾಷೆಯಲ್ಲಿ ಪ್ರೇಮ. ಪೈ ಅಂದ್ರೆ ಪೈಥಾನ್, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯೋ ಭಾಷೆ."

"ಪೈಥಾನ್ ಅಂದ್ರೆ ಹೆಬ್ಬಾವಲ್ವಾ?"

"ಪ್ರೇಮ, ಆಮೇಲೆ ಹೆಬ್ಬಾವು" ಎಂದರು ಹೆಗಡೇರು, ಒಳಗೆ ಕೇಳದಷ್ಟು ಮೆಲ್ಲಗೆ. "ಅನುಭವಸ್ಥರೇ ಹೆಸರಿಟ್ಟಿದ್ದಾರೆ."

"ಅದರಲ್ಲಿ ಒಂದು ಒಳ್ಳೆ ಅನುಕೂಲ ಇದೆ ಮಾವ. ಕತೆಯ ನಡುವೆ ಎರಡು ಮೂರು ದಾರಿ ಕೊಡ್ತದೆ. ನಾವು ಒಂದನ್ನು ಒತ್ತಬೇಕು. ತಪ್ಪು ಒತ್ತಿದೆ ಅನ್ನಿಸಿದ್ರೆ ಹಿಂದಕ್ಕೆ ಹೋಗಿ ಬೇರೆ ಒತ್ತಬಹುದು."

"ಎಷ್ಟು ಹಿಂದಕ್ಕೆ?"

"ಸುಮಾರು ಹಿಂದಕ್ಕೆ ಹೋಗ್ತದೆ."

ಹೆಗಡೇರು ಒಂದು ಸೊಳೆ ಬಿಡಿಸಿ, ಬೀಜ ತೆಗೆದು, ಬುಟ್ಟಿಗೆ ಹಾಕಿದರು. ಇನ್ನೊಂದು ಬಿಡಿಸಿದರು. "ಹದಿನೈದು ವರ್ಷದ ಹಿಂದೆ ನಂಗೂ ಎರಡು ದಾರಿ ಬಂದಿತ್ತು. ತೋಟದ ತಲೆಯಲ್ಲಿದ್ದ ಕೆರೆ ಹೂಳೆತ್ತಿಸೋದಾ, ಬೋರ್ ಹೊಡೆಸೋದಾ ಅಂತ. ನಾನು ಬೋರ್ ಒತ್ತಿದೆ."

"320 ಫೂಟು" ಎಂದರು ಭಟ್ರು. ಅವರೂ ಅವತ್ತು ನೋಡಲು ಬಂದಿದ್ದರು.

"ಮೂರು ವರ್ಷ ನೀರು ಬಂತು. ಈಗ ಒಳ್ಳೆ ಗಾಳಿ ಬರ್ತದೆ. ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡ್ತಾರೆ."

ಮಾಣಿ ಏನು ಹೇಳುವುದೆಂದು ತಿಳಿಯದೆ ಮೊಣಕೈಯಿಂದ ಮುಂದಿನ ಸಾಲು ಒತ್ತಿದ. ಪರದೆಯಲ್ಲಿ ಹುಡುಗಿ ಕಣ್ಣು ಮಿಟುಕಿಸಿದಳು. ಯಾರೋ ಮುದುಕ ಒಂಟೆ ಇಳಿದು ಬಂದಿದ್ದ. ಹೂಜಿಯಲ್ಲಿ ಒಂದೇ ಲೋಟ ನೀರು ಉಳಿದಿತ್ತು. ಅಂಗಡಿ ಪಕ್ಕದ ಡಬ್ಬದಲ್ಲಿ ಅವಳು ಬೆಳೆಸಿದ ಒಂದೇ ಒಂದು ಗಿಡ ಬಾಡಿತ್ತು. ಕೆಳಗೆ ಮೂರು ದಾರಿ. ಬಂದವನಿಗೆ ಕೊಡು. ಗಿಡಕ್ಕೆ ಹಾಕು. ಬಚ್ಚಿಡು.

"ಈಗ ಏನೋ ಆಯ್ತಲ್ಲ!" ನಾಯ್ಕರು ಕಾಲು ಮಡಚಿ ಮುಂದೆ ಸರಿದರು. "ಬಚ್ಚಿಡು. ನಾಳೆಯ ಯೋಚನೆ ಬೇಡವಾ?"

"ಗಿಡಕ್ಕೆ" ಎಂದರು ಭಟ್ರು. "ಮುದುಕ ಹೇಗೂ ಮುದುಕ."

"ನಿಮಗೆ 71 ಆಯ್ತು ಭಟ್ರೇ."

"ಹಾಗಾದ್ರೆ ಮುದುಕನಿಗೆ."

ಹೆಗಡೇರು ಗಿಡವನ್ನೇ ನೋಡುತ್ತಿದ್ದರು. ಬಾಡಿದ ಎಲೆ ಕಂಡರೆ ಅಡಿಕೆ ತೋಟದವನಿಗೆ ಬೇರೆ ಏನೂ ಕಾಣುವುದಿಲ್ಲ. "ಗಿಡಕ್ಕೆ" ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ದಣಪೆ ಸರಿದ ಸದ್ದಾಯಿತು. ಲೈನ್‌ಮನ್. ಬೆಳಗಿನಿಂದ ಕಂಬ ಕಂಬ ಹತ್ತಿ ಇಳಿದು ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಅಕ್ಕಾ, ಕುಡಿಯೋಕೆ ಒಂದು ಚೂರು ನೀರು."

"ಕೂತ್ಕೋ ತಮಾ, ಬೆಲ್ಲ ತರ್ತೇನೆ" ಎಂದು ಸುಬ್ಬಕ್ಕ ತಂಬಿಗೆ ಎತ್ತಿದಳು. ಅದರಲ್ಲಿ ತಳ ಮಾತ್ರ ಇತ್ತು. ಹಿತ್ತಲಿಗೆ ಹೋದಳು. ಗಡಗಡೆ ತಿರುಗಿತು. ತಿರುಗಿತು. ಕಳೆದ ವಾರವೇ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಿದ್ದರು. ಆ ಗಂಟು ಗಡಗಡೆ ದಾಟಿದ ಸದ್ದೂ ಕೇಳಿತು. ಆಮೇಲೆ ಕೊಡಪಾನ ಕಲ್ಲಿಗೆ ಉಜ್ಜಿದ ಸದ್ದು.

ಜಗುಲಿಯಲ್ಲಿ ಎಲ್ಲರೂ ಸೊಳೆ ಬಿಡಿಸುವುದರಲ್ಲಿ ಮುಳುಗಿದವರ ಹಾಗೆ ಕೂತಿದ್ದರು.

"ಮಾವ, ಬ್ಯಾಟರಿ ಹೋಗ್ತಿದೆ. ಯಾವುದು ಒತ್ತಲಿ?"

"ಬಂದವನಿಗೆ ಕೊಡು ಅಂತ ಒತ್ತು" ಎಂದರು ಹೆಗಡೇರು. "ಮಜ್ಜಿಗೆ ಇಲ್ಲ ಅಂತ ಮೊದಲೇ ಹೇಳಿಬಿಡು."