ಪಿಎಚ್‌ಡಿ ಅರ್ಜಿಯ 'ರೇಸ್' (ಜನಾಂಗ) ಕಾಲಂ ತುಂಬಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ಭಾರತದವರು. ಈ ಸಲ ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೇನೆ. ಫಾರ್ಮಿನಲ್ಲಿ 'ಏಷ್ಯನ್' ಅಂತ ಟಿಕ್ ಮಾಡಿದರೆ ತೊಂದರೆ ಆಗುತ್ತಾ? ಏಷ್ಯನ್ನರು ಜಾಸ್ತಿ ಇದ್ದಾರೆ ಅಂತ ಬದಿಗಿಡುತ್ತಾರೆ ಎಂದು ಗೆಳತಿಯರು ಹೆದರಿಸುತ್ತಿದ್ದಾರೆ. ಅರ್ಜಿಯ ಜೊತೆ ಕೊಡುವ ಪ್ರಬಂಧದಲ್ಲಿ ಮನೆಯ ಹಿನ್ನೆಲೆ ಬರೆಯಲೋ ಬೇಡವೋ ಅನ್ನುವುದೂ ಗೊತ್ತಾಗುತ್ತಿಲ್ಲ.

ಉತ್ತರ: ಕಾಲಂ ತುಂಬುವುದು, ಬಿಡುವುದು ನಿಮ್ಮಿಷ್ಟ. ಸುಮ್ನೆ ಹೆದರಬೇಡಿ. 2003ರಲ್ಲಿ ಮಿಷಿಗನ್ ಲಾ ಸ್ಕೂಲಿನ ಕೇಸಿನಲ್ಲಿ, ಹಲವು ಅಂಶಗಳ ಜೊತೆ ಜನಾಂಗವನ್ನೂ ನೋಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಕೇಸಿನಲ್ಲಿ ಆ ದಾರಿ ಮುಚ್ಚಿತು. ಆ ಕೇಸು ಡಿಗ್ರಿ ಪ್ರವೇಶದ್ದು. ಆದರೂ ಪಿಎಚ್‌ಡಿ ಪ್ರವೇಶವೂ ಈಗ ಅದೇ ನಿಯಮದ ಮೇಲೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಿಗಂತೂ 1996ರಲ್ಲಿ ಆ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 209 ಎಂಬ ಕಾನೂನಿನಿಂದಲೇ ಈ ನಿಷೇಧ ಇದೆ.

ಹಿನ್ನೆಲೆ ಬರೆಯುವುದು ಬೇರೆ ವಿಷಯ. ಅದಕ್ಕೆ ಅಡ್ಡಿಯಿಲ್ಲ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಬರೆದರೆ ಅದನ್ನು ಓದಬಹುದು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನಲ್ಲೇ ಹೇಳಿದ್ದಾರೆ. ಆದರೆ ಅದು ಆ ವ್ಯಕ್ತಿಯ ಗುಣಕ್ಕೋ ಸಾಮರ್ಥ್ಯಕ್ಕೋ ಹೊಂದಿಕೊಂಡಿರಬೇಕು. ನಿಮ್ಮ ಸಂಶೋಧನೆಗೂ ಮನೆಗೂ ಏನಾದರೂ ನಂಟು ಇದೆಯಾ? ಅದನ್ನು ಹೇಳಿ.

ಪ್ರಶ್ನೆ: ಇದೆ ಮೇಡಂ. ಅಪ್ಪನದು ಸಣಕಲು ಮೈ. ದಪ್ಪ ಇಲ್ಲವಲ್ಲ ಅಂತ ಡಾಕ್ಟರು ವರ್ಷಗಟ್ಟಲೆ ಶುಗರ್ ಪರೀಕ್ಷೆ ಮಾಡಿಸಲೇ ಇಲ್ಲ. ಗೊತ್ತಾಗುವ ಹೊತ್ತಿಗೆ ಕಣ್ಣಿಗೆ ಪೆಟ್ಟು ಬಿದ್ದಿತ್ತು. ಇದನ್ನು ಬರೆದರೆ ಕನಿಕರ ಕೇಳಿದ ಹಾಗೆ ಆಗಲ್ವಾ?

ಉತ್ತರ: ಓದಿ ಮನಸ್ಸು ಭಾರವಾಯಿತು. ಇದನ್ನು ಬರೆಯಲೇಬೇಕು. ಆದರೆ ಅಪ್ಪನ ಕಣ್ಣಿಗೆ ಎರಡೇ ವಾಕ್ಯ ಸಾಕು. ಉಳಿದದ್ದೆಲ್ಲ ನಿಮ್ಮ ಪ್ರಶ್ನೆಯಾಗಲಿ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ಏಷ್ಯನ್ ಅಮೆರಿಕನ್ನರಿಗೆ ಪರೀಕ್ಷೆ ಶುರುಮಾಡುವ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಗಡಿಯನ್ನು 25ರಿಂದ 23ಕ್ಕೆ ಇಳಿಸಿತು. ಆ ಗಡಿ ಸಾಮಾನ್ಯ ಕ್ಲಿನಿಕ್ಕುಗಳಿಗೆ ತಲುಪಿದೆಯಾ? ಚೀನಾ ಮೂಲದವರನ್ನೂ ನಮ್ಮವರನ್ನೂ ಒಂದೇ 'ಏಷ್ಯನ್' ಕಾಲಮಿಗೆ ಸೇರಿಸಿದರೆ ಯಾರ ಕಾಯಿಲೆ ಲೆಕ್ಕದಿಂದ ಜಾರುತ್ತದೆ? ನೋಡಿ, ನೀವು ಹೆದರುತ್ತಿದ್ದ ಕಾಲಮೇ ನಿಮ್ಮ ಸಂಶೋಧನೆಯ ವಿಷಯ ಆಗಬಹುದು.

ನಾನು ಪ್ರವೇಶ ಸಮಿತಿಗಳಲ್ಲಿ ಕೂತವಳು. ಪಿಎಚ್‌ಡಿ ಅರ್ಜಿ ಓದುವವರು ಆ ವಿಭಾಗದ ಪ್ರೊಫೆಸರುಗಳೇ. ಈ ಹುಡುಗಿಯ ಪ್ರಶ್ನೆಗೆ ನಮ್ಮಲ್ಲಿ ಗೈಡ್ ಇದ್ದಾರಾ, ಶಿಫಾರಸು ಪತ್ರ ಕೊಟ್ಟವರು ಇವಳ ಕೆಲಸವನ್ನು ಕಣ್ಣಾರೆ ಕಂಡಿದ್ದಾರಾ ಎಂಬ ಚರ್ಚೆಯೇ ಹೆಚ್ಚು. 'ನಾನು ಅಲ್ಪಸಂಖ್ಯಾತ ಸಮುದಾಯದವಳು' ಎಂಬ ಒಂಟಿ ಸಾಲು ಅಲ್ಲಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಹಾಗಂತ ಹಿನ್ನೆಲೆಯನ್ನು ಅಳಿಸಿ ಬರೆದ ಪ್ರಬಂಧ ಸಪ್ಪೆಯಾಗುತ್ತದೆ, ಅದನ್ನೂ ಬಹಳ ನೋಡಿದ್ದೇನೆ.

ಇನ್ನೊಬ್ಬರ ಪ್ರಶ್ನೆ: ನಾನು ವಿದ್ಯಾರ್ಥಿ ವೀಸಾದಲ್ಲಿ ಬರುವವನು. ನನ್ನನ್ನೂ 'ಏಷ್ಯನ್' ಅಂತ ಎಣಿಸುತ್ತಾರಾ ಮೇಡಂ?

ಉತ್ತರ: ಇಲ್ಲ. ಸರ್ಕಾರಕ್ಕೆ ಹೋಗುವ ಲೆಕ್ಕದಲ್ಲಿ ವೀಸಾ ವಿದ್ಯಾರ್ಥಿಗಳದು ಬೇರೆಯೇ ಗುಂಪು, ಜನಾಂಗ ಯಾವುದೇ ಇರಲಿ. ನೀವು ಮೊದಲು ವಿಚಾರಿಸಬೇಕಾದ್ದು ಸ್ಟೈಪೆಂಡ್ ವಿಷಯ. ಕೆಲವು ಫೆಲೋಶಿಪ್‌ಗಳು ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಫೀಸು ಕಟ್ಟುವ ಮೊದಲೇ ವಿಭಾಗಕ್ಕೆ ಇಮೇಲ್ ಮಾಡಿ ಕೇಳಿಕೊಳ್ಳಿ.